‘ಟ್ರಿಪಲ್ ಫ್ರಾಂಟಿಯರ್’: ದರೋಡೆ ಮುಗಿದ ಮೇಲೆ ಚಿತ್ರ ಸೊರಗುತ್ತದೆಯೇ?

ಪ್ರಶ್ನೆ

ಜೆ. ಸಿ. ಚಾಂಡರ್ ನಿರ್ದೇಶಿಸಿ, 2019ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ‘ಟ್ರಿಪಲ್ ಫ್ರಾಂಟಿಯರ್’ ಚಿತ್ರವನ್ನು ಮೊನ್ನೆ ಎರಡನೆಯ ಸಲ ನೋಡಿದೆ. ಅಮೆರಿಕದ ವಿಶೇಷ ಪಡೆಯಲ್ಲಿ ಒಟ್ಟಿಗೆ ಸೇವೆ ಸಲ್ಲಿಸಿ ಹೊರಬಂದ ಐವರು ಗೆಳೆಯರು, ದಕ್ಷಿಣ ಅಮೆರಿಕದ ಕಾಡಿನ ನಡುವೆ ಮನೆ ಕಟ್ಟಿಕೊಂಡಿರುವ ಲೊರಿಯಾ ಎಂಬ ಮಾದಕವಸ್ತು ದೊರೆಯನ್ನು ಮುಗಿಸಿ, ಅವನ ಹಣವನ್ನೆಲ್ಲ ದೋಚಿಕೊಂಡು ಬರಲು ಹೊರಡುವ ಕಥೆ ಇದು. ಚಿತ್ರವನ್ನು ಇನ್ನೂ ನೋಡದವರು ದಯವಿಟ್ಟು ಮುಂದೆ ಓದಬೇಡಿ, ಏಕೆಂದರೆ ಕೊನೆಯವರೆಗಿನ ಕಥೆಯನ್ನು ಮುಟ್ಟದೆ ನನ್ನ ಪ್ರಶ್ನೆಯನ್ನು ಕೇಳಲಾಗದು.

ಮೊದಲ ಒಂದು ಗಂಟೆ ನನ್ನನ್ನು ಹಿಡಿದು ಕೂರಿಸಿತು. ಮನೆಯವರು ಭಾನುವಾರ ಚರ್ಚಿಗೆ ಹೋಗುವ ಹೊತ್ತನ್ನು ಗುರುತಿಸುವುದು, ಮಳೆಯಲ್ಲಿ ಕಾದು ಕೂರುವುದು, ಒಳಗೆ ಹೊಕ್ಕ ಮೇಲೆ ಹಣ ಯಾವ ಕೋಣೆಯಲ್ಲೂ ಇಲ್ಲ, ಗೋಡೆಗಳ ಒಳಗೇ ಇದೆ ಎಂದು ತಿಳಿಯುವುದು, ಇವೆಲ್ಲ ಬಹಳ ಚೊಕ್ಕಟವಾಗಿ ಬಂದಿವೆ. ಆದರೆ ಹೆಲಿಕಾಪ್ಟರ್ ಬಿದ್ದ ಮೇಲೆ ಚಿತ್ರ ಬೇರೆಯೇ ದಾರಿ ಹಿಡಿಯುತ್ತದೆ. ಬೆಟ್ಟ, ಹೇಸರಗತ್ತೆಗಳು, ಚಳಿ, ನಡಿಗೆ, ಮತ್ತೆ ನಡಿಗೆ. ನನ್ನ ಜೊತೆ ನೋಡಿದವರೆಲ್ಲ ಇಲ್ಲಿಂದ ಮುಂದೆ ಚಿತ್ರ ಸೊರಗಿತು ಎಂದೇ ಹೇಳಿದರು. ನನಗೆ ಹಾಗೆ ಅನ್ನಿಸಲಿಲ್ಲ, ಆದರೆ ಏಕೆ ಅನ್ನಿಸಲಿಲ್ಲ ಎಂದು ಅವರಿಗೆ ವಿವರಿಸಿ ಹೇಳಲೂ ಆಗಲಿಲ್ಲ. ಉತ್ತರಾರ್ಧ ನಿಮಗೆ ಹೇಗೆ ಕಂಡಿತು? ಹಳ್ಳಿಯ ದೃಶ್ಯದ ಬಗ್ಗೆ ನಿಮ್ಮ ಅಭಿಪ್ರಾಯವೇನು?

ಉತ್ತರ 1

ಉತ್ತರಾರ್ಧವೇ ಈ ಚಿತ್ರದ ಜೀವ ಎಂಬುದು ನನ್ನ ನಿಲುವು, ಮತ್ತು ಅದಕ್ಕೆ ಕಾರಣ ತೂಕ. ದರೋಡೆಯ ಚಿತ್ರಗಳಲ್ಲಿ ಹಣವೆಂದರೆ ಸಾಮಾನ್ಯವಾಗಿ ಬರೀ ಒಂದು ಅಂಕಿ. ಎರಡು ಪೆಟ್ಟಿಗೆಗಳಲ್ಲಿ ಹಿಡಿಸುವ, ಒಂದು ಕಾರಿನ ಹಿಂಭಾಗದಲ್ಲಿ ಮುಚ್ಚಿಡಬಹುದಾದ ಅಂಕಿ. ಇಲ್ಲಿ ಹಾಗಲ್ಲ. ಅಮೆರಿಕದ ಯಾವ ನೋಟೇ ಆಗಲಿ, ತೂಗುವುದು ಸುಮಾರು 1 ಗ್ರಾಂ. ನೂರು ಡಾಲರಿನ ನೋಟುಗಳಲ್ಲಿ ಹತ್ತು ಲಕ್ಷ ಡಾಲರ್ ಜೋಡಿಸಿದರೆ 10,000 ನೋಟುಗಳು, ಅಂದರೆ 10 ಕಿಲೋ. ಗೋಡೆಗಳಿಂದ ಹೊರಬರುವುದು 25 ಕೋಟಿ ಡಾಲರ್‌ಗೂ ಹೆಚ್ಚು. ಎಲ್ಲವೂ ನೂರರ ನೋಟುಗಳೇ ಎಂದುಕೊಂಡರೂ ಅದು ಎರಡೂವರೆ ಟನ್ನಿನ ಹೊರೆ. ಚಿಕ್ಕ ನೋಟುಗಳು ಬೆರೆತಿದ್ದರೆ ಇನ್ನೂ ಹೆಚ್ಚು.

ಆ ಹೊರೆಯನ್ನು ಬಲೆಯಲ್ಲಿ ಕಟ್ಟಿ ಹೆಲಿಕಾಪ್ಟರಿಗೆ ನೇತುಹಾಕಿಕೊಂಡು ಆಂಡೀಸ್ ಪರ್ವತವನ್ನು ದಾಟಲು ಹೊರಡುತ್ತಾರೆ. 3,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಸುಮಾರು 70 ಶೇಕಡಾ ಮಾತ್ರ. ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ, ಎಂಜಿನ್ ಕೊಡುವ ಶಕ್ತಿಯೂ ಕಡಿಮೆ. ಪೈಲಟ್ ಕ್ಯಾಟ್‌ಫಿಶ್‌ಗೆ (ಪೆಡ್ರೊ ಪಾಸ್ಕಲ್) ಈ ಲೆಕ್ಕ ಗೊತ್ತು, ಅವನು ಬಾಯಿಬಿಟ್ಟು ಹೇಳುತ್ತಾನೆ ಕೂಡ. ಆದರೂ ಹಣವನ್ನು ಬಿಟ್ಟು ಹೊರಡಲು ಯಾರಿಗೂ ಮನಸ್ಸಾಗುವುದಿಲ್ಲ. ಅಲ್ಲಿಂದ ಮುಂದೆ ಚಿತ್ರದಲ್ಲಿ ನಡೆಯುವುದೆಲ್ಲ ಒಂದೊಂದೇ ಹೊರೆ ಇಳಿಸುವ ಕೆಲಸ. ಮೊದಲು ಬಲೆ ಕಳಚುತ್ತದೆ, ಆಮೇಲೆ ಒಂದು ಹೇಸರಗತ್ತೆ ಕಾಲುಜಾರಿ ಹಣದ ಸಮೇತ ಪ್ರಪಾತಕ್ಕೆ ಬೀಳುತ್ತದೆ, ಚಳಿಯ ರಾತ್ರಿಯಲ್ಲಿ ನೋಟಿನ ಕಂತೆಗಳನ್ನೇ ಒಲೆಗೆ ಕಟ್ಟಿಗೆ ಒಟ್ಟಿದಂತೆ ಒಟ್ಟಿ ಉರಿಸುತ್ತಾರೆ, ಕೊನೆಗೆ ಉಳಿದ ಚೀಲಗಳಲ್ಲಿ ಹೆಚ್ಚಿನವನ್ನು ಕಂದರಕ್ಕೆ ಸುರಿಯುತ್ತಾರೆ.

ಎಲ್ಲ ಮುಗಿದ ಮೇಲೆ ಅವರ ಕೈಯಲ್ಲಿ ಉಳಿಯುವುದು 50 ಲಕ್ಷ ಡಾಲರ್‌ಗಿಂತ ತುಸು ಹೆಚ್ಚು. ನಾನು ಹೇಳಿದ ಲೆಕ್ಕದಲ್ಲೇ ನೋಡಿದರೆ ಅದು ಸುಮಾರು 50 ಕಿಲೋ. ಆ ಹೊತ್ತಿಗೆ ಅವರು ತಮ್ಮ ಸತ್ತ ಗೆಳೆಯನ ದೇಹವನ್ನೂ ಹೊತ್ತು ನಡೆಯುತ್ತಿದ್ದಾರೆ, ಮತ್ತು ಆ ದೇಹ ಉಳಿದ ಹಣಕ್ಕಿಂತ ಭಾರವಾಗಿದೆ. ಇದನ್ನು ಯಾರ ಬಾಯಿಂದಲೂ ಹೇಳಿಸದೆ ತೋರಿಸಿದ್ದಕ್ಕಾಗಿ ನಾನು ಈ ಚಿತ್ರವನ್ನು ಮೆಚ್ಚುತ್ತೇನೆ.

ಉತ್ತರ 2

ತೂಕದ ಮಾತು ಸರಿ. ಆದರೆ ಅದು ಹೆಲಿಕಾಪ್ಟರಿನಲ್ಲಿ ಶುರುವಾಗುವುದಿಲ್ಲ, ಮನೆಯೊಳಗೇ ಶುರುವಾಗುತ್ತದೆ ಎಂದು ಸೇರಿಸಬಯಸುತ್ತೇನೆ.

ನಾನು ಹಲವು ವರ್ಷ ಸಮವಸ್ತ್ರದಲ್ಲಿದ್ದವನು; ವಿಶೇಷ ಪಡೆಯವನಲ್ಲ, ಸಾಮಾನ್ಯ ಪದಾತಿ ದಳದವನು. ಯಾವುದೇ ದಾಳಿಯಲ್ಲಿ ಒಳಗೆ ಹೋಗುವ ದಾರಿಗಿಂತ ಹೊರಗೆ ಬರುವ ಸಮಯ ಮುಖ್ಯ ಎಂಬುದನ್ನು ನಮಗೆ ಮೊದಲ ದಿನದಿಂದಲೂ ತಲೆಗೆ ತುಂಬುತ್ತಿದ್ದರು. ಚಿತ್ರದಲ್ಲಿ ಆ ಸಮಯವನ್ನು ನಿಗದಿ ಮಾಡುವವನು ರೆಡ್‌ಫ್ಲೈ (ಬೆನ್ ಅಫ್ಲೆಕ್). ಐವರಲ್ಲೂ ಅತ್ಯಂತ ಎಚ್ಚರಿಕೆಯ ಮನುಷ್ಯ ಅವನೇ, ಮತ್ತು ಆ ಗೆರೆಯನ್ನು ದಾಟುವವನೂ ಅವನೇ. ಗೋಡೆ ಒಡೆದಷ್ಟೂ ಹಣ ಬರುತ್ತಿರುವಾಗ ಉಳಿದವರು ಹೊರಡೋಣ ಎನ್ನುತ್ತಾರೆ. ಅವನು ಇನ್ನೊಂದು ಚೀಲ, ಇನ್ನೊಂದು ಚೀಲ ಎನ್ನುತ್ತಾನೆ. ಅಫ್ಲೆಕ್ ಅಲ್ಲಿ ದೊಡ್ಡದಾಗಿ ಏನನ್ನೂ ಅಭಿನಯಿಸುವುದಿಲ್ಲ. ಬೆವರಿದ ಮುಖ, ಗಡಿಯಾರದ ಕಡೆಗೆ ಹೊರಳದ ಕಣ್ಣು, ಅಷ್ಟೇ. ಗಡಿಯಾರ ನೋಡುವ ಅಭ್ಯಾಸ ಮೈಗೂಡಿದವನೊಬ್ಬ ಅದನ್ನು ನೋಡದಿರುವುದನ್ನು ಕಂಡು ನನಗೆ ಗುಂಡಿನ ಸದ್ದಿಗಿಂತ ಹೆಚ್ಚು ಭಯವಾಯಿತು.

ಸೈನ್ಯದ ನಡವಳಿಕೆಯನ್ನು ತೋರಿಸಿರುವ ರೀತಿಯೂ ಮಟ್ಟಸವಾಗಿದೆ. ಕೋಣೆಯಿಂದ ಕೋಣೆಗೆ ಸಾಗುವಾಗ ಅವರು ಹೆಚ್ಚು ಮಾತನಾಡುವುದಿಲ್ಲ, ಒಬ್ಬರ ಬಂದೂಕಿನ ಗೆರೆಯನ್ನು ಇನ್ನೊಬ್ಬರು ದಾಟುವುದಿಲ್ಲ. ಚಿತ್ರ ತೆರೆದುಕೊಳ್ಳುವುದು ಐರನ್‌ಹೆಡ್ (ಚಾರ್ಲಿ ಹನಮ್) ಸೈನಿಕರ ಮುಂದೆ ಮಾಡುವ ಭಾಷಣದಿಂದ ಎಂಬುದನ್ನೂ ಮರೆಯಬಾರದು. ಅಂಗಡಿಯಲ್ಲಿ ತಳ್ಳುಗಾಡಿಯ ವಿಷಯಕ್ಕೆ ಜಗಳ ಬೆಳೆದು, ಎದುರಿನವನ ಕತ್ತು ಅಮುಕಿದ ತನ್ನ ಕಥೆಯನ್ನು ಅವನು ಹೇಳಿಕೊಳ್ಳುತ್ತಾನೆ. ಕಲಿತ ವಿದ್ಯೆ ಮನೆಗೆ ಮರಳಿದ ಮೇಲೂ ಕೈಯಿಂದ ಇಳಿಯುವುದಿಲ್ಲ ಎನ್ನುವ ಆ ಮಾತಿನ ನೆರಳಿನಲ್ಲೇ ಮುಂದಿನದೆಲ್ಲ ನಡೆಯುತ್ತದೆ.

ಉತ್ತರ 3

ನನ್ನದು ಭಿನ್ನಾಭಿಪ್ರಾಯ. ಮೇಲಿನ ಇಬ್ಬರೂ ಹೇಳಿದ ಗುಣಗಳನ್ನು ಒಪ್ಪುತ್ತೇನೆ, ಆದರೆ ಉತ್ತರಾರ್ಧ ನಿಲ್ಲಬೇಕಾದರೆ ನಡೆಯುತ್ತಿರುವ ಆ ಐವರು ನಮಗೆ ಹತ್ತಿರದವರಾಗಿರಬೇಕಿತ್ತು. ರೆಡ್‌ಫ್ಲೈ ಒಬ್ಬನ ಬದುಕನ್ನು ಮಾತ್ರ ಚಿತ್ರ ಬಿಡಿಸಿ ಹೇಳುತ್ತದೆ: ಮುರಿದ ದಾಂಪತ್ಯ, ಮಾರಾಟವಾಗದ ಮನೆಗಳನ್ನು ಮಾರುವ ಕೆಲಸ, ದೂರವಾಗುತ್ತಿರುವ ಮಗಳು. ಕ್ಯಾಟ್‌ಫಿಶ್‌ನ ಮೇಲಿರುವ ಕೊಕೇನ್ ಪ್ರಕರಣ, ಗ್ಯಾರೆಟ್ ಹೆಡ್‌ಲಂಡ್ ಮಾಡಿರುವ ಬೆನ್‌ನ ಕಾದಾಟದ ಅಖಾಡ, ಇವೆಲ್ಲ ಪರಿಚಯಕ್ಕಷ್ಟೇ ಬಂದು ಮಾಯವಾಗುತ್ತವೆ. ಒಳಗಿನ ಸುಳಿವು ಕೊಟ್ಟು ಜೀವವನ್ನೇ ಪಣಕ್ಕಿಟ್ಟ ಯೊವಾನಾ (ಆಡ್ರಿಯಾ ಅರ್ಹೋನಾ) ದರೋಡೆ ಮುಗಿದ ಸ್ವಲ್ಪ ಹೊತ್ತಿಗೆ ಕಥೆಯಿಂದಲೇ ಹೊರನಡೆಯುತ್ತಾಳೆ. ಪೋಪ್ (ಆಸ್ಕರ್ ಐಸಾಕ್) ಈ ಎಲ್ಲರನ್ನೂ ಕರೆತಂದವನು, ಆದ್ದರಿಂದ ಅಪರಾಧದ ಹೊರೆ ಅವನ ಮೇಲೆಯೇ ಹೆಚ್ಚು ಬೀಳಬೇಕಿತ್ತು. ಐಸಾಕ್ ತಮ್ಮ ಕಣ್ಣುಗಳಲ್ಲಿ ಅದನ್ನು ತರುತ್ತಾರೆ, ಬರವಣಿಗೆ ಅವರಿಗೆ ಅಷ್ಟಾಗಿ ನೆರವಾಗುವುದಿಲ್ಲ.

ಹೋಲಿಕೆಗೆ 1999ರ ‘ಥ್ರೀ ಕಿಂಗ್ಸ್’ ನೆನಪಿಸಿಕೊಳ್ಳಿ. ಅಲ್ಲಿಯೂ ಸೈನಿಕರೇ, ಅಲ್ಲಿಯೂ ಲೂಟಿಯೇ: 1991ರ ಕೊಲ್ಲಿ ಯುದ್ಧ ನಿಂತ ಕೂಡಲೇ, ಇರಾಕಿನವರು ಕುವೈತಿನಿಂದ ಹೊತ್ತೊಯ್ದ ಚಿನ್ನದ ಗಟ್ಟಿಗಳನ್ನು ಕದಿಯಲು ನಾಲ್ವರು ಹೊರಡುತ್ತಾರೆ. ಸದ್ದಾಮನ ವಿರುದ್ಧ ದಂಗೆಯೆದ್ದು ಕೈಬಿಡಲ್ಪಟ್ಟ ಜನ ದಾರಿಯಲ್ಲಿ ಎದುರಾದಾಗ, ಚಿನ್ನವೋ ಆ ಜನರೋ ಎಂಬ ಪ್ರಶ್ನೆಗೆ ಸೈನಿಕರು ಉತ್ತರ ಕೊಡಲೇಬೇಕಾಗುತ್ತದೆ, ಮತ್ತು ಅವರು ಚಿನ್ನವನ್ನು ಬಿಟ್ಟುಕೊಟ್ಟು ಆ ಜನರನ್ನು ಇರಾನಿನ ಗಡಿ ದಾಟಿಸುತ್ತಾರೆ. ಅಲ್ಲಿ ಹಣವನ್ನು ಬಿಡುವುದು ಒಂದು ಆಯ್ಕೆ. ‘ಟ್ರಿಪಲ್ ಫ್ರಾಂಟಿಯರ್’ನಲ್ಲಿ ಹಣ ಅವರ ಕೈಯಿಂದ ಜಾರುತ್ತದೆ, ಹೆಚ್ಚಿನ ಸಲ ಅವರಾಗಿ ಬಿಡುವುದಿಲ್ಲ. ಆ ಕಾರಣಕ್ಕೇ ನನಗೆ ಕೊನೆಯ ಅರ್ಧ ಗಂಟೆಯಲ್ಲಿ ದಣಿವು ಕಂಡಿತು, ಬದಲಾವಣೆ ಕಾಣಲಿಲ್ಲ.

ಉತ್ತರ 4

ಪ್ರಶ್ನೆ ಕೇಳಿದವರು ಹಳ್ಳಿಯ ದೃಶ್ಯವನ್ನು ಎತ್ತಿದ್ದರು. ಇಷ್ಟು ಮಾತಾದರೂ ಅದರ ಹತ್ತಿರ ಯಾರೂ ಹೋಗಿಲ್ಲ.

ಬಲೆ ಬಿದ್ದಿರುವುದು ಕೋಕಾ ಬೆಳೆಯುವ ರೈತರ ಹೊಲದಲ್ಲಿ. ಆಕಾಶದಿಂದ ಬಿದ್ದ ನೋಟುಗಳ ರಾಶಿಯ ಸುತ್ತ ಜನ ಸೇರುತ್ತಾರೆ. ಅಪರಿಚಿತರು ಬಂದೂಕು ಹಿಡಿದು ಅದು ತಮ್ಮದು ಎನ್ನುತ್ತಾರೆ. ಮಾತು ಹದ ತಪ್ಪುತ್ತದೆ, ರೆಡ್‌ಫ್ಲೈ ಗುಂಡು ಹಾರಿಸುತ್ತಾನೆ, ಹಳ್ಳಿಯವರು ಸಾಯುತ್ತಾರೆ. ಲೊರಿಯಾನ ಮನೆಯಲ್ಲಿ ಅವರನ್ನು ಗೆಲ್ಲಿಸಿದ ಅದೇ ಚುರುಕು, ಅದೇ ಗುರಿ, ಇಲ್ಲಿ ಬರೀ ಕೊಲೆ. ಆಮೇಲೆ ಪೋಪ್ ಊರಿನ ಹಿರಿಯನ ಮುಂದೆ ನಿಂತು ಸತ್ತವರಿಗಾಗಿ ಹಣ ಕೊಡುತ್ತಾನೆ. ಆ ಹಿರಿಯನ ಮುಖವನ್ನು ಗಮನಿಸಿ ನೋಡಿ. ಅವನು ಹಣವನ್ನು ತೆಗೆದುಕೊಳ್ಳುತ್ತಾನೆ, ಆದರೆ ಲೆಕ್ಕ ತೀರಿತು ಎಂಬ ಭಾವ ಅವನ ಮುಖದಲ್ಲಿ ಎಲ್ಲಿಯೂ ಇಲ್ಲ. ಬೆಟ್ಟದ ದಾರಿಯಲ್ಲಿ ಹಿಂಬಾಲಿಸಿ ಬಂದು ರೆಡ್‌ಫ್ಲೈಯನ್ನು ಒಂದೇ ಗುಂಡಿಗೆ ಕೆಡವುವವನು ಮಾದಕವಸ್ತು ದೊರೆಯ ಬಂಟನಲ್ಲ, ಅದೇ ಹಳ್ಳಿಯ ಹುಡುಗ. ಚಿತ್ರದ ನಾಯಕನಟನಿಗೆ ವೀರಮರಣವಾಗಲಿ ಕೊನೆಯ ಮಾತಾಗಲಿ ಇಲ್ಲ. ಇದು ಧೈರ್ಯದ ನಿರ್ಧಾರ, ಈ ಕಾರಣಕ್ಕೇ ಮೂರನೆಯ ಉತ್ತರ ಬರೆದವರ ‘ಬದಲಾವಣೆ ಇಲ್ಲ’ ಎಂಬ ಮಾತನ್ನು ನಾನು ಒಪ್ಪಲಾರೆ. ಆ ಗುಂಡಿನ ನಂತರ ಉಳಿದ ನಾಲ್ವರು ಹಣದ ಪಾಲಿನ ಮಾತನ್ನೇ ಎತ್ತುವುದಿಲ್ಲ.

ನನಗೆ ಉಳಿದಿರುವ ದೂರು ಒಂದೇ. ಆ ಹುಡುಗನ ಕಡೆಯಿಂದ ನಾವು ಒಂದು ನಿಮಿಷವನ್ನೂ ಕಾಣುವುದಿಲ್ಲ. ಅವನು ಕಳೆದುಕೊಂಡದ್ದು ಯಾರನ್ನು ಎಂಬುದನ್ನು ತೋರಿಸುವ ಒಂದು ಪುಟ್ಟ ದೃಶ್ಯವಿದ್ದಿದ್ದರೆ, ಬೆಟ್ಟದ ಮೇಲಿನ ಆ ಗುಂಡು ನಮ್ಮ ಎದೆಯನ್ನೂ ತಾಗುತ್ತಿತ್ತು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಉಳಿದ ಹಣಕ್ಕಿಂತ ದೇಹ ಭಾರ ಎಂಬ ಮಾತನ್ನು ಓದಿದ ಮೇಲೆ ಆ ಭಾಗವನ್ನು ಮತ್ತೆ ಹಾಕಿ ನೋಡಿದೆ. ಕಂದರಕ್ಕೆ ಚೀಲಗಳನ್ನು ಎಸೆಯುವಾಗ ಯಾರೂ ಒಬ್ಬರನ್ನೊಬ್ಬರು ನೋಡುವುದಿಲ್ಲ ಎಂಬುದು ಈ ಸಲ ಕಣ್ಣಿಗೆ ಬಿತ್ತು. ಗೆಳೆಯರಿಗೆ ನಾನು ಹೇಳಲಾಗದೆ ತಡವರಿಸಿದ್ದು ಇದನ್ನೇ ಇರಬೇಕು: ಇವರು ದಾರಿಯುದ್ದಕ್ಕೂ ಶತ್ರುಗಳಿಂದ ತಪ್ಪಿಸಿಕೊಳ್ಳುತ್ತಿಲ್ಲ, ತಾವೇ ಕಟ್ಟಿಕೊಂಡ ಗಂಟನ್ನು ಬಿಚ್ಚುತ್ತಿದ್ದಾರೆ, ಮತ್ತು ಅದಕ್ಕೆ ಅಷ್ಟು ಹೊತ್ತು ಹಿಡಿಯಲೇಬೇಕು.

ಆದರೆ ನನಗೆ ಹೊಸದೊಂದು ತೊಡಕು ಎದ್ದಿದೆ. ನಾಲ್ವರೂ ತಮ್ಮ ಪಾಲನ್ನು ರೆಡ್‌ಫ್ಲೈಯ ಕುಟುಂಬಕ್ಕೆ ಬರೆದುಕೊಟ್ಟ ಮೇಲೆ, ಬೀಳ್ಕೊಡುವ ಹೊತ್ತಿನಲ್ಲಿ ಐರನ್‌ಹೆಡ್ ಒಂದು ಚೀಟಿಯನ್ನು ಪೋಪ್‌ನ ಕೈಗಿಡುತ್ತಾನೆ. ಅದರಲ್ಲಿರುವುದು ಹಣ ಸುರಿದ ಕಂದರದ ಅಕ್ಷಾಂಶ, ರೇಖಾಂಶ. ಅಂದರೆ ಹೊರೆ ಇಳಿಸುವಾಗಲೇ ಅವನು ಆ ಜಾಗವನ್ನು ಗುರುತು ಮಾಡಿಕೊಂಡಿದ್ದ. ಮೂರನೆಯ ಉತ್ತರ ಬರೆದವರು ಇದನ್ನು ತಮ್ಮ ವಾದಕ್ಕೆ ಸಾಕ್ಷಿ ಎನ್ನಬಹುದು. ನಾಲ್ಕನೆಯ ಉತ್ತರ ಬರೆದವರು ಈ ಚೀಟಿಯನ್ನು ಹೇಗೆ ಓದಿಕೊಳ್ಳುತ್ತಾರೆ ಎಂದು ತಿಳಿಯುವ ಆಸೆ.

ಉತ್ತರ 4 ಬರೆದವರಿಂದ

ಪೋಪ್ ಆ ಚೀಟಿಯನ್ನು ಹರಿದು ಹಾಕುವುದಿಲ್ಲ ಎಂಬುದು ನಿಜ. ಅವನು ಅದನ್ನು ಓದಿ ನಗುವಾಗ ನನಗೂ ಮೊದಲ ಸಲ ಕಸಿವಿಸಿಯಾಗಿತ್ತು. ಆದರೆ ಆ ಕಂದರಕ್ಕೆ ಮರಳುವ ದಾರಿ ಅದೇ ಹಳ್ಳಿಯ ಮೇಲಿನ ಬೆಟ್ಟಗಳಲ್ಲೇ ಇದೆ, ಮತ್ತು ಅಲ್ಲಿ ಯಾರಿದ್ದಾರೆ ಎಂಬುದು ಅವನಿಗೆ ಗೊತ್ತು.