ಹೊಳೆಬದಿ ಕಾಂಡ್ಲಾ ಮೇಲೆ ಮಣ್ಣು: ಭಾನುವಾರ ಎಲ್ಲರೂ ಬನ್ನಿ

ಮೂಲೆಮನೆ ಅಕ್ಕ: ನಿನ್ನೆ ರಾತ್ರಿ ಮತ್ತೆ ಮೂರು ಟಿಪ್ಪರ್ ಬಂತು. ಉದ್ಯಾವರ ಹೊಳೆ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೆ ಕೆಂಪು ಮಣ್ಣು, ಒಡೆದ ಟೈಲ್ಸ್, ಹೆಂಚು ಎಲ್ಲ ಸುರಿದು ಹೋಗಿದ್ದಾರೆ. ಕೆಸರಿನಿಂದ ಮೇಲೆದ್ದ ಬೇರುಗಳು ಪೂರ್ತಿ ಮುಚ್ಚಿಹೋಗಿವೆ. ಬೆಳಿಗ್ಗೆ ಏಡಿಗಳು ಆ ಮಣ್ಣಿನ ಅಂಚಿನಲ್ಲಿ ದಾರಿ ಸಿಗದೆ ಓಡಾಡುತ್ತಿದ್ದವು. ಮೊದಲು ಅಲ್ಲೇ ಹರಡಿಕೊಳ್ಳುತ್ತಿದ್ದ ಭರತದ (ಉಬ್ಬರದ) ನೀರು ಈಗ ನಮ್ಮ ತುಳಸಿಕಟ್ಟೆವರೆಗೆ ಬರುತ್ತಿದೆ. ಬಾವಿ ನೀರು ಬಾಯಿಗಿಟ್ಟರೆ ಉಪ್ಪು.

ಎದುರುಮನೆ: ಅದು ಮಣ್ಣು ಹಾಕಿಸುವವರದೇ ಪಟ್ಟಾ ಜಾಗ ಅಂತೆ ಅಕ್ಕ. ನಾವು ಕೇಳೋಕಾಗುತ್ತಾ?

ಮಾಷ್ಟ್ರು: ಜಾಗ ಯಾರದೇ ಇರಲಿ, ಕೇಳಬಹುದು ತಮ್ಮ. ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅದು ಬರೀ ಕಡಲ ದಂಡೆಗೆ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. 2019ರ ಅಧಿಸೂಚನೆ ಭರತ-ಇಳಿತ ಇರುವ ಹೊಳೆಗೂ ಅನ್ವಯಿಸುತ್ತದೆ. ಭರತದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು. ಕಾಂಡ್ಲಾ ಇರುವ ಜಾಗ ಸಿಆರ್‌ಝಡ್ 1ಎ, ಅಲ್ಲಿ ನಿಯಮ ಎಲ್ಲಕ್ಕಿಂತ ಬಿಗಿ. ಕಟ್ಟಡದ ಕಸ ತಂದು ತಗ್ಗು ತುಂಬಿಸುವುದಂತೂ ನಿಷೇಧ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಕಾಂಡ್ಲಾ 1000 ಚದರ ಮೀಟರಿಗಿಂತ ಜಾಸ್ತಿ ಇದ್ದರೆ ಸುತ್ತ ಇನ್ನೂ 50 ಮೀಟರ್ ಬಿಡಬೇಕು. ಖಾಸಗಿ ಜಾಗದ ಕಾಂಡ್ಲಾಕ್ಕೆ ಆ 50 ಮೀಟರ್ ಇಲ್ಲ. ಹಾಗಾಗಿ ಸರ್ವೆ ನಂಬರ್, ಆರ್‌ಟಿಸಿ, ಎಷ್ಟು ಭಾಗ ಪೊರಂಬೋಕು (ಸರ್ಕಾರಿ ಜಾಗ) ಅನ್ನುವುದು ಮೊದಲು ಕೈಯಲ್ಲಿರಬೇಕು. ಕಳೆದ ಸಲ ಸುಮ್ನೆ ಫೋಟೋ ಕೊಟ್ಟು ಬಂದೆವು, ಅರ್ಜಿ ಅಲ್ಲೇ ಉಳಿಯಿತು. ನನಗೆ ಆ ಬೇಸರ ಇನ್ನೂ ಹೋಗಿಲ್ಲ.

ದೋಣಿಮನೆ ಅಣ್ಣ: ಆ ಬುಡದಲ್ಲೇ ಅಲ್ವಾ ಮೀನಿನ ಮರಿ ಬೆಳೆಯುವುದು. ಇಳಿತದ ಹೊತ್ತಿಗೆ ಅಮ್ಮ ಅಲ್ಲೇ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ನಮ್ಮ ಮಾತು ಯಾರು ಕೇಳುತ್ತಾರೆ ಮಾಷ್ಟ್ರೇ?

ಮಾಷ್ಟ್ರು: ಕೇಳಲೇಬೇಕು ಮಾರಾಯ್ರೇ. ಜಿಲ್ಲಾ ಮಟ್ಟದ ಕರಾವಳಿ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮೀನುಗಾರರೂ ಸೇರಿ ಸ್ಥಳೀಯ ಕರಾವಳಿ ಸಮುದಾಯದ ಕನಿಷ್ಠ 3 ಜನ ಅದರಲ್ಲಿರಬೇಕು ಅಂತ ಅಧಿಸೂಚನೆಯಲ್ಲೇ ಇದೆ. ಅರ್ಜಿಯಲ್ಲಿ ಮೊದಲ ಸಹಿ ನಿಮ್ಮದೇ ಇರಲಿ.

ಎದುರುಮನೆ: ಆರ್‌ಟಿಸಿ ನಾನು ತೆಗೆಸುತ್ತೇನೆ. ನಾಳೆಯೇ ಹೋಗುತ್ತೇನೆ.

ಕಾರ್ಯದರ್ಶಿ: ಭಾನುವಾರ ಬೆಳಿಗ್ಗೆ 7ಕ್ಕೆ ಹೊಳೆಬದಿಗೆ ಬನ್ನಿ. ಟೇಪ್ ನಾನು ತರುತ್ತೇನೆ. ಆದರೆ ಭರತದ ಗೆರೆ ಎಲ್ಲಿ ಅಂತ ನಾವು ಹೇಳಿದರೆ ಆಗುವುದಿಲ್ಲ, ಅದು ಸಿಆರ್‌ಝಡ್ ನಕ್ಷೆಯಲ್ಲಿರಬೇಕು. ಸರ್ವೆ ನಂಬರ್ ಕಾಣುವ 1:4000 ನಕ್ಷೆಯ ಪ್ರತಿಗೆ ಸೋಮವಾರ ಅರ್ಜಿ ಹಾಕುವ. ಟಿಪ್ಪರ್ ಡ್ರೈವರ್ ಜೊತೆ ಜಗಳ ಬೇಡ, ಅವನು ಕೂಲಿಗೆ ಬರುವವನು. ರಾತ್ರಿ ಬಂದರೆ ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ ತೆಗೆದು ಈ ಗ್ರೂಪಿಗೆ ಹಾಕಿ.

ಮೂಲೆಮನೆ ಅಕ್ಕ: ಅಮಾವಾಸ್ಯೆ ದಿನ ನೀರು ಎಲ್ಲಿವರೆಗೆ ಬಂತೋ ಅಲ್ಲಿಗೆ ತುಳಸಿಕಟ್ಟೆಯಲ್ಲಿ ಇದ್ದಿಲಿನಿಂದ ಗೆರೆ ಎಳೆದು ತಾರೀಕು ಬರೆದಿಟ್ಟಿದ್ದೇನೆ. ಮಳೆ ಬಂದು ಅಳಿಸುವ ಮೊದಲು ಅದನ್ನೂ ಅಳೆದುಕೊಳ್ಳಿ.