ಜೋರು ದನಿಯವರು ಹೇಳಿದ್ದೇ ತೀರ್ಮಾನ ಆಗದಿರಲು ಏನು ಮಾಡುತ್ತೀರಿ?

ಪ್ರಶ್ನೆ: ನಮ್ಮದು ಹತ್ತು ಹನ್ನೆರಡು ಜನರ ಗುಂಪು. ಸಭೆಯಲ್ಲಿ ಇಬ್ಬರು ಜೋರಾಗಿ ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಹೊರಗೆ ಬಂದ ಮೇಲೆ "ನನಗಂತೂ ಸರಿ ಕಾಣಲಿಲ್ಲಪ್ಪ" ಅಂತ ಗೊಣಗುತ್ತಾರೆ. ಇದಕ್ಕೆ ದಾರಿ ಕಂಡುಕೊಂಡವರು ಇದ್ದರೆ ಹೇಳಿ.

ಉತ್ತರ: ಚರ್ಚೆಗೆ ಮುಂಚೆ ಎಲ್ಲರ ಕೈಗೂ ಒಂದು ಚೀಟಿ ಕೊಡಿ. ತಮ್ಮ ಅಭಿಪ್ರಾಯ ಬರೆಯಲಿ, ಆಮೇಲೆ ಮಾತು. ನಮ್ಮಲ್ಲಿ ಜಾಸ್ತಿ ಕೆಲಸ ಮಾಡಿದ್ದು ಇದೇ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಮೇಳವೊಂದರಲ್ಲಿ, ಎತ್ತನ್ನು ಕಡಿದ ಮೇಲೆ ಮಾಂಸ ಎಷ್ಟು ತೂಗುತ್ತದೆ ಅಂತ ಊಹಿಸುವ ಸ್ಪರ್ಧೆ ನಡೆದಿತ್ತು. ಫ್ರಾನ್ಸಿಸ್ ಗಾಲ್ಟನ್ ಅನ್ನುವ ವಿಜ್ಞಾನಿ ಅದರ 787 ಚೀಟಿಗಳನ್ನು ಲೆಕ್ಕ ಹಾಕಿದರು. ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬಂದ ಊಹೆ 1207 ಪೌಂಡ್, ನಿಜವಾದ ತೂಕ 1198. ಗಮನಿಸಿ, ಯಾರೂ ಸಭೆ ಸೇರಿ ಚರ್ಚಿಸಿರಲಿಲ್ಲ. ಒಬ್ಬರ ತಪ್ಪು ಆ ಕಡೆ, ಇನ್ನೊಬ್ಬರದು ಈ ಕಡೆ, ಹಾಗಾಗಿ ಒಂದಕ್ಕೊಂದು ಸರಿದೂಗಿತು. ಎಲ್ಲರೂ ಮೊದಲು ಬಾಯಿಬಿಟ್ಟವರ ಹಿಂದೆ ಹೋದರೆ ತಪ್ಪೆಲ್ಲ ಒಂದೇ ಕಡೆ ವಾಲುತ್ತದೆ.

ಉತ್ತರ: ಹಿರಿಯರು ಕೊನೆಗೆ ಮಾತಾಡಲಿ. 1962ರಲ್ಲಿ ಸೋವಿಯತ್ ಕ್ಷಿಪಣಿಗಳು ಕ್ಯೂಬಾಕ್ಕೆ ಬಂದು ಯುದ್ಧದ ಭೀತಿ ಹುಟ್ಟಿದ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕೆಲವು ಸಭೆಗಳಿಗೆ ಬೇಕೆಂದೇ ಹೋಗಲಿಲ್ಲ. ತಾನಿದ್ದರೆ ಸಲಹೆಗಾರರು ಬಿಚ್ಚಿ ಮಾತಾಡುವುದಿಲ್ಲ ಅಂತ.

ಉತ್ತರ: ನಾನು ಹೇಳುವುದು ಒಬ್ಬಂಟಿ ದನಿಯ ಬಗ್ಗೆ. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಸುತ್ತಲಿನವರೆಲ್ಲ ಬೇಕಂತಲೇ ತಪ್ಪು ಉತ್ತರ ಕೊಟ್ಟಾಗ, ಸುಮಾರು ಮೂರರಲ್ಲೊಂದು ಸಲ ಜನ ಕಣ್ಣಿಗೆ ಕಾಣುವುದನ್ನೇ ಬಿಟ್ಟು ಗುಂಪಿನ ಜೊತೆ ಹೋದರು. ಇನ್ನೊಬ್ಬರು ಯಾರಾದರೂ ಸರಿ ಉತ್ತರ ಹೇಳಿದರೆ ಸಾಕು, ಅದು ತುಂಬಾ ಕಡಿಮೆಯಾಯಿತು. ಹಾಗಾಗಿ ಯಾರಾದರೂ ಅನುಮಾನ ಎತ್ತಿದ ಕೂಡಲೇ "ನನಗೂ ಅದೇ ಅನಿಸಿತ್ತು, ಮುಂದುವರಿಸಿ" ಅನ್ನಿ, ನಿಜವಾಗಿ ಅನಿಸಿದ್ದರೆ ಮಾತ್ರ. ವಿರೋಧಿಸುವ ಕೆಲಸವನ್ನು ಒಬ್ಬರಿಗೆ ಹಚ್ಚುವವರೂ ಇದ್ದಾರೆ. ನನಗದು ಅಷ್ಟು ಹಿಡಿಸುವುದಿಲ್ಲ. ನಾಟಕ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ? ಬದಲಿಗೆ "ಒಂದು ವರ್ಷ ಆಗಿದೆ, ಈ ಯೋಜನೆ ಪೂರ್ತಿ ಕೆಟ್ಟಿದೆ. ಯಾಕೆ ಕೆಟ್ಟಿತು?" ಅಂತ ಎಲ್ಲರಿಂದಲೂ ಬರೆಸಿ. ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞ ಹೇಳಿಕೊಟ್ಟ ಉಪಾಯ. ಸುಮ್ನೆ ಕೂತವರೂ ಬರೆಯುತ್ತಾರೆ.

ಉತ್ತರ: ದಯವಿಟ್ಟು ಎಲ್ಲದಕ್ಕೂ ಹೀಗೆ ಮಾಡಬೇಡಿ. ನಾಳೆ ಬದಲಾಯಿಸಬಹುದಾದ ವಿಷಯವನ್ನು ಒಬ್ಬರಿಗೆ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು: ಚೀಟಿಯಲ್ಲಿ ಹೆಸರು ಇರಬೇಕಾ, ಬೇಡ್ವಾ?

ಉತ್ತರ: ಎರಡು ಸುತ್ತು ಮಾಡಿ. ಅಭಿಪ್ರಾಯದ ಚೀಟಿಗೆ ಹೆಸರು ಬೇಡ. ಇನ್ನೊಂದು ಚೀಟಿಯಲ್ಲಿ "ಬೇರೆಯವರಿಗೆ ಗೊತ್ತಿಲ್ಲದ, ನನಗೆ ಗೊತ್ತಿರುವ ವಿಷಯ ಏನು?" ಅಂತ ಕೇಳಿ, ಅದಕ್ಕೆ ಹೆಸರು ಇರಲಿ. ಗುಂಪುಗಳು ಎಲ್ಲರಿಗೂ ಗೊತ್ತಿರುವುದನ್ನೇ ತಿರುಗಿಸಿ ಮುರುಗಿಸಿ ಮಾತಾಡುತ್ತವೆ, ಒಬ್ಬರಿಗೆ ಮಾತ್ರ ಗೊತ್ತಿರುವುದು ಹೊರಗೆ ಬರುವುದೇ ಕಡಿಮೆ. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗದಲ್ಲೇ ತೋರಿಸಿದ್ದಾರೆ. ಹೆಸರಿದ್ದರೆ ಅವರನ್ನೇ ಕೇಳಿ ವಿವರ ತಿಳಿಯಬಹುದು.