ಘಾಟ್ ಇಳಿಯುವಾಗ ಹಿಂದೆ ಕೂತವರು ಜಾರಿ ಮುಂದೆ ಬರ್ತಾರೆ, ಸೀಟಿಗೆ ಏನು ಮಾಡಿಸಬೇಕು?

ವಿರಾಜಪೇಟೆ ರೈಡರ್:
ಬೈಕು 150 ಸಿಸಿ, ಉದ್ದಕ್ಕೆ ಒಂದೇ ಸೀಟು, ಹಿಂದೆ ಎರಡು ಶಾಕ್ (ಶಾಕ್ ಅಬ್ಸಾರ್ಬರ್). ಮಡಿಕೇರಿ ದಾಟಿ ಸಂಪಾಜೆ ಘಾಟ್ ಇಳಿದು ಸುಳ್ಯಕ್ಕೆ ಆಗಾಗ ಇಬ್ಬರು ಹೋಗಬೇಕಾಗುತ್ತೆ. ಮುಕ್ಕಾಲು ಗಂಟೆ ಆಗುತ್ತಿದ್ದಂತೆ ನನಗೆ ಕುಂಡೆ ನೋವು, ಹೆಂಡತಿಗೆ ಮೊಣಕಾಲು ನೋವು. ಇಳಿಜಾರಲ್ಲಿ ಬ್ರೇಕ್ ಹಿಡಿದರೆ ಅವಳು ಜಾರಿ ನನ್ನ ಬೆನ್ನಿಗೆ ಬರ್ತಾಳೆ, ನಾನು ಟ್ಯಾಂಕಿಗೆ ಒತ್ತಿಕೊಳ್ತೇನೆ. ಅಮ್ಮ ಬಂದರೆ ಸೀರೆಯಲ್ಲಿ ಒಂದೇ ಪಕ್ಕಕ್ಕೆ ಕೂರೋದು. ಸೀಟ್ ಅಂಗಡಿಯಲ್ಲಿ ಒಬ್ಬರು ಮೆತ್ತನೆ ಫೋಮ್ ಹಾಕಿಸಿ ಅಂತಾರೆ, ಇನ್ನೊಬ್ಬರು ಜೆಲ್ ಪ್ಯಾಡ್ ಅಂತಾರೆ. ಯಾವುದು ಸರಿ? ಜುಲೈ-ಆಗಸ್ಟಿನ ಕಕ್ಕಡದ ಮಳೆಯನ್ನೂ ತಡೀಬೇಕು.

ಗೋಣಿಕೊಪ್ಪ ಗ್ಯಾರೇಜ್:
ಅಣ್ಣ, ಸೀಟ್ ಬಿಚ್ಚೋ ಮೊದಲು ಶಾಕ್ ನೋಡಿ. ಇಬ್ಬರು ಕೂತಾಗ ಶಾಕ್ ಪೂರ್ತಿ ಕುಗ್ಗಿ ತಳ ಹೊಡೀತಾ ಇದ್ದರೆ ಎಂಥ ಫೋಮ್ ಹಾಕಿಸಿದರೂ ಪ್ರತಿ ಗುಂಡಿಯ ಏಟು ಸೊಂಟಕ್ಕೇ ಬರೋದು.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಆಕ್ಸಲ್ ನಟ್ಟಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಮಾಡಿ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ಇಳಿಸಿ, ಇಬ್ಬರೂ ಕೂತು, ಮೂರನೆಯವರ ಕೈಲಿ ಅದೇ ಅಳತೆ ತೆಗೆಸಿ. ಚಕ್ರ ಮೇಲೆ ಕೆಳಗೆ ಒಟ್ಟು ಆಡುವ ದೂರದಲ್ಲಿ ಮೂರನೇ ಒಂದು ಪಾಲಿನಷ್ಟು ಇಳಿದಿದ್ದರೆ ಸರಿ. 90 ಮಿ.ಮೀ. ಆಡುವ ಬೈಕಿಗೆ ಸುಮಾರು 30 ಮಿ.ಮೀ. ಅದಕ್ಕಿಂತ ಜಾಸ್ತಿ ಇಳಿದರೆ ಸಿ ಸ್ಪ್ಯಾನರ್ (ಕೊಕ್ಕೆಯಂತೆ ಬಾಗಿದ ಸ್ಪ್ಯಾನರ್) ಹಾಕಿ ಶಾಕಿನ ಸ್ಪ್ರಿಂಗ್ ಒತ್ತಿ ಹಿಡಿಯುವ ಕಾಲರನ್ನು ಒಂದು ಮೆಟ್ಟಿಲು ಏರಿಸಿ, ಮತ್ತೆ ಅಳೆಯಿರಿ. ಎಡಕ್ಕೂ ಬಲಕ್ಕೂ ಒಂದೇ ಮೆಟ್ಟಿಲು ಇರಲೇಬೇಕು.

ಇದರಿಂದ ಸ್ಪ್ರಿಂಗ್ ಗಟ್ಟಿಯಾಗಲ್ಲ, ಬೈಕಿನ ಹಿಂಭಾಗ ಎತ್ತರಕ್ಕೆ ನಿಲ್ಲುತ್ತೆ ಅಷ್ಟೆ. ಹಾಗಾಗಿ ಒಬ್ಬರೇ ಹೋಗುವ ದಿನ ಮರೆಯದೆ ಇಳಿಸಿ, ಇಲ್ಲಾಂದ್ರೆ ಸೀಟು ಮುಂದಕ್ಕೆ ವಾಲಿ ಜಾರೋದು ಇನ್ನೂ ಹೆಚ್ಚುತ್ತೆ. ಟೈರ್ ಗಾಳಿಯೂ ಇಬ್ಬರಿಗೆ ಬೇರೆ, ಒಬ್ಬರಿಗೆ ಬೇರೆ. ಬೈಕಿಗೆ ಅಂಟಿಸಿರುವ ಸ್ಟಿಕ್ಕರ್ ನೋಡಿ ಹಾಕಿ. ಹಿಂಭಾಗ ಕುಸಿದರೆ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತೆ, ಮಂಜಿನಲ್ಲಿ ರಸ್ತೆನೇ ಕಾಣಲ್ಲ.

ಕುಶಾಲನಗರ ಸೀಟ್ ಕೆಲಸ:
ಶಾಕ್ ವಿಷಯ ಸರಿಯಾಗಿ ಹೇಳಿದ್ದಾರೆ. ಆದರೆ ಜಾರೋದಕ್ಕೆ ಮದ್ದು ಸೀಟಿನ ಆಕಾರದಲ್ಲೇ ಇದೆ.

ಮೆತ್ತನೆ ಫೋಮ್ ಬೇಡ. ಅಂಗಡಿಯಲ್ಲಿ ಕೂತು ನೋಡಿದಾಗ ಹಿತ ಅನ್ನಿಸುತ್ತೆ, ಅರ್ಧ ಗಂಟೆಗೆ ಅಪ್ಪಚ್ಚಿಯಾಗಿ ಮೂಳೆಗೆ ಸೀಟಿನ ತಳ ತಾಗುತ್ತೆ. ಕಂಪನಿಯ ಅಚ್ಚಿನ ಫೋಮ್ ಬಿಸಾಡಬೇಡಿ, ಅದೇ ಬುನಾದಿ. ಅದರಲ್ಲಿ ಮೂಳೆ ಊರುವ ಜಾಗದಿಂದ ಸ್ವಲ್ಪ ಕೊಯ್ದು ತೆಗೆದು, 20 ಮಿ.ಮೀ. ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ ಗಟ್ಟಿ ಫೋಮ್) ಕೂರಿಸಿ, ಮೇಲೆ 10 ಮಿ.ಮೀ. ಮೆತ್ತನೆಯದು ಹಾಸಬೇಕು. ಗಟ್ಟಿ ಕೆಳಗೆ, ಮೆತ್ತಗೆ ಮೇಲೆ. ಮಂಡಿ ಊರಿ ಪೂರ್ತಿ ಭಾರ ಬಿಟ್ಟು ನೋಡಿ, ತಳ ತಾಗಬಾರದು. ಮೆಮೊರಿ ಫೋಮ್ ಚಳಿಗೆ ಗಟ್ಟಿಯಾಗುತ್ತೆ, ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಅದರಿಂದ ಉಪಯೋಗ ಕಮ್ಮಿ. ಜೆಲ್ ಬಿಸಿಲಲ್ಲಿ ನಿಲ್ಲಿಸಿದರೆ ಕಾಯುತ್ತೆ. ಆಕಾರ ಸರಿಯಿಲ್ಲದ ಸೀಟಿಗೆ ಜೆಲ್ ಹಾಕೋದು ದುಡ್ಡು ದಂಡ.

ಇಬ್ಬರ ನಡುವೆ 25ರಿಂದ 30 ಮಿ.ಮೀ. ಮೆಟ್ಟಿಲು ಬರಲಿ, ಹಿಂದಿನವರ ಜಾಗ ಎತ್ತರಕ್ಕೆ. ಅದಕ್ಕಿಂತ ಎತ್ತರ ಮಾಡಿದರೆ ಓಡಿಸುವವರು ಹಿಂದೆ ಮುಂದೆ ಸರಿಯೋಕೆ ಜಾಗ ಇರಲ್ಲ, ಅದೂ ನೋವೇ. ಹಿಂದಿನವರ ಜಾಗದ ಮುಂದಂಚು ಅದರ ನಡುಭಾಗಕ್ಕಿಂತ 10 ಮಿ.ಮೀ. ಎತ್ತರ ಇದ್ದರೆ ಇಳಿಜಾರಲ್ಲಿ ತಡೆಯಾಗುತ್ತೆ. ಸೀಟು ಎತ್ತರವಾದಷ್ಟೂ ಮೊಣಕಾಲು ಮಡಚೋದು ಕಮ್ಮಿ, ನಿಮ್ಮ ಮನೆಯವರ ನೋವೂ ಇಳಿಯುತ್ತೆ. ನಿಮ್ಮ ಕಾಲು ನೆಲಕ್ಕೆ ಸಿಗದೆ ಹೋದರೆ ಸೀಟಿನ ಮುಂದಿನ ಎರಡೂ ಬದಿ 10-15 ಮಿ.ಮೀ. ಕೆತ್ತಿಸಿ. ತೊಡೆಗೆ ಒತ್ತುವುದೂ ಕಮ್ಮಿ ಆಗುತ್ತೆ.

ಫೋಮ್ ಅಂಟಿಸುವಾಗ ರಬ್ಬರ್ ಗೋಂದನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಮೆತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ದಪ್ಪಗೆ ಹಚ್ಚಿದರೆ ಆ ಪದರವೇ ಹಪ್ಪಳದ ಹಾಗೆ ಗಟ್ಟಿಯಾಗಿ ಕೆಳಗಿಂದ ಚುಚ್ಚುತ್ತೆ.

ಇನ್ನು ರೆಕ್ಸಿನ್. ತಗ್ಗಿರುವ ಜಾಗದ ಮೇಲೆ ಒಂದೇ ತುಂಡು ಎಳೆದು ಪಿನ್ ಹೊಡೆದರೆ ಅದು ತಗ್ಗಿಗೆ ಅಂಟದೆ ಡೋಲಿನ ಚರ್ಮದ ಥರ ಬಿಗಿದು ನಿಲ್ಲುತ್ತೆ, ಕಷ್ಟಪಟ್ಟು ಮಾಡಿದ ಆಕಾರ ಹಾಳು. ಮೆಟ್ಟಿಲಿನ ಹತ್ತಿರ ಅಡ್ಡ ಹೊಲಿಗೆ ಬೇಕೇ ಬೇಕು. ಕೂರುವ ಜಾಗದಲ್ಲಿ ಡೈಮಂಡ್ ಹೊಲಿಗೆ (ಓರೆ ಚೌಕಗಳ ಅಲಂಕಾರದ ಹೊಲಿಗೆ) ಮಾತ್ರ ಹಾಕಿಸಲೇಬೇಡಿ, ಸೂಜಿ ಹೋದಲ್ಲೆಲ್ಲ ನೀರು ಇಳಿಯುತ್ತೆ. ಹೊಳಪಿನ ರೆಕ್ಸಿನ್ ಬಿಟ್ಟು ಒರಟು ಮೈ ಇರುವುದನ್ನು ಕೇಳಿ.

ವಿರಾಜಪೇಟೆ ರೈಡರ್:
ತುಂಬಾ ಉಪಕಾರ ಆಯ್ತು. ಅಮ್ಮ ಒಂದು ಪಕ್ಕ ಕೂತಾಗ ಈ ಮೆಟ್ಟಿಲು ತೊಂದರೆ ಕೊಡಲ್ವಾ?

ಸೋಮವಾರಪೇಟೆ ಟೂರರ್:
ಮೆಟ್ಟಿಲು ತೊಂದರೆ ಮಾಡಲ್ಲ, ಎಡಗಡೆ ಅಂಚು ಚೂಪಾಗಿದ್ದರೆ ಮಾಡುತ್ತೆ. ಅದು ತೊಡೆಯ ಹಿಂಭಾಗಕ್ಕೆ ಒತ್ತಿ ಕಾಲು ಜೋಮು ಹಿಡಿಯುತ್ತೆ. ಅಂಚನ್ನು ದುಂಡಗೆ ಮಾಡಿಸಿ. ಪಾದ ಪೂರ್ತಿ ಊರುವ ಅಗಲದ ಫುಟ್‌ರೆಸ್ಟ್ ಪ್ಲೇಟು ಸೀರೆ ಗಾರ್ಡಿಗೆ ಬಿಗಿಯಾಗಿ ಕೂತಿರಲಿ, ಬೋಲ್ಟ್ ಸಡಿಲ ಇದೆಯಾ ನೋಡಿ. ಕೊಡವ ಸೀರೆಯಾದರೆ ನೆರಿಗೆ ಹಿಂದಕ್ಕೆ ಇರೋದರಿಂದ ಕೂತ ಮೇಲೆ ನೆರಿಗೆಯನ್ನೂ ಸೆರಗನ್ನೂ ಚಕ್ರದ ಕಡೆ ಬಿಡದೆ ಮಡಿಲಿಗೆ ಎಳೆದುಕೊಳ್ಳಲಿ. ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಗಾರ್ಡು, ಈ ಮೂರೂ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಇರಲೇಬೇಕು. ಅಂದಕ್ಕೋಸ್ಕರ ಬಿಚ್ಚಿಸಬೇಡಿ.

ಘಾಟ್ ಇಳಿಯುವಾಗ ಎರಡನೇ, ಮೂರನೇ ಗೇರಲ್ಲಿ ಇಂಜಿನ್ ಹಿಡಿತದಲ್ಲೇ ಇಳಿಯಿರಿ. ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಿಡಿಯೋದು ತಪ್ಪಿದರೆ ಹಿಂದಿನವರು ಜಾರೋದು ಅರ್ಧ ಕಮ್ಮಿ.

ಕುಶಾಲನಗರ ಸೀಟ್ ಕೆಲಸ:
ಮಳೆ ವಿಷಯ ಬಿಟ್ಟುಹೋಗಿತ್ತು. ಹೊಲಿಗೆಯ ಒಳಮೈಗೆ ಸೀಮ್ ಟೇಪ್ (ಸೂಜಿ ತೂತು ಮುಚ್ಚುವ ಪಟ್ಟಿ) ಹಚ್ಚಿಸಿ. ಫೋಮ್ ಮತ್ತು ರೆಕ್ಸಿನ್ ನಡುವೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಪಿನ್ ಸ್ಟೇನ್‌ಲೆಸ್ ಆಗಿರಲಿ, ಮಾಮೂಲಿ ಪಿನ್ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ರೆಕ್ಸಿನ್ ಬಿಡುತ್ತೆ. ಸೀಟಿನ ತಳದಲ್ಲಿ ನೀರು ಬಸಿಯುವ ತೂತುಗಳಿದ್ದರೆ ಮುಚ್ಚಬೇಡಿ, ಒಳಗೆ ಸೇರಿದ ನೀರಿಗೆ ಇರುವ ದಾರಿ ಅದೊಂದೇ. ನೆನೆದ ಸೀಟನ್ನು ಬೈಕಿನಿಂದ ಬಿಚ್ಚಿ, ತಳ ಮೇಲೆ ಮಾಡದೆ ನಿಲ್ಲಿಸಿ ಒರಗಿಸಿಟ್ಟರೆ ನೀರು ಒಂದು ಮೂಲೆಗೆ ಇಳಿದು ಹೋಗುತ್ತೆ. ಒಲೆಯ ಹತ್ತಿರ ಇಡಬೇಡಿ, ರೆಕ್ಸಿನ್ ಸುರುಟುತ್ತೆ, ಗೋಂದು ಬಿಡುತ್ತೆ.